ಹಡಗಿನಿಂದ ಬಂದ ಹೊಸ್ತಿಲು

ಅಂಧೇರಿಯ ಚಾಳಿನಲ್ಲಿದ್ದ ನಮ್ಮ ಖೋಲಿಗೆ ಬಾಗಿಲಿತ್ತು, ಹೊಸ್ತಿಲಿರಲಿಲ್ಲ. ಹೊರಗಿನ ಪಡಸಾಲೆಯ ಸಿಮೆಂಟೇ ಒಳಗೆ ಹರಿದು ಬಂದು ನಮ್ಮ ನೆಲವಾಗಿತ್ತು. ಅಲ್ಲಿ ಒಬ್ಬನೇ ಇದ್ದಷ್ಟು ದಿನ ಅದು ನನ್ನ ಗಮನಕ್ಕೆ ಬಂದಿರಲಿಲ್ಲ. ಮದುವೆಯಾಗಿ ಧಾರವಾಡದಿಂದ ಬಂದ ಹೆಂಡತಿ ಮೊದಲ ದಿನ ಬೆಳಿಗ್ಗೆ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಾಗಿಲಿಗೆ ಹೋದವಳು ಹಾಗೆಯೇ ತಿರುಗಿ ಬಂದಳು. ಎಲ್ಲಿಗೆ ಹಚ್ಚಲಿ ಎಂದು ಕೇಳಿದಳು. ಆಗ ಮೊದಲ ಸಲ ನಾನು ಬಾಗಿಲ ಬುಡ ನೋಡಿದೆ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಅವಳು ನೆಲದ ಮೇಲೆ ಸುಣ್ಣದ ಗೆರೆ ಎಳೆದು ಕೆಲವು ದಿನ ಅದನ್ನೇ ಪೂಜಿಸಿದಳು. ಬಂದವರೆಲ್ಲ ಗೆರೆ ತುಳಿದರು. ಒಂದು ರಾತ್ರಿ ನನಗೆ ಬಡಿಸುತ್ತಾ ಹೇಳಿದಳು:

“ಹೊಸ್ತಿಲ ಇಲ್ಲದ್ದು ಮನಿ ಅಲ್ರಿ, ಸ್ಟೇಷನ್ನು. ಸ್ಟೇಷನ್ನಿನಾಗ ಎಷ್ಟ ದಿವಸ ಕೂಡ್ಲಿ? ದೀಪಾವಳಿಯೊಳಗ ಒಂದು ತರೋಣು. ಆಗಲಿಲ್ಲಂದ್ರ ನನ್ನ ಊರಿಗೆ ಬಿಟ್ಟು ಬರ್ರಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಆದ್ದರಿಂದಲೇ ನನಗೆ ದಿಗಿಲಾಯಿತು.

ಆಮೇಲಿನ ಭಾನುವಾರಗಳೆಲ್ಲ ಹೊಸ್ತಿಲು ಹುಡುಕುವುದಕ್ಕೇ ಹೋದವು. ನನ್ನ ಮುಂಬಯಿ ಎಂದರೆ ಕಾರ್ಖಾನೆ ಮತ್ತು ಲೋಕಲ್. ಉಳಿದ ಮುಂಬಯಿಯನ್ನು ನನಗೆ ತೋರಿಸಿದವಳು ಹಿಂದಿಯ ನಾಲ್ಕು ಮಾತು ಬಾರದ ಅವಳು. ಚೋರ್ ಬಜಾರಿನಲ್ಲಿ ಮುಳ್ಳಿಲ್ಲದ ಗಡಿಯಾರ, ಗಾಜಿನ ಕಣ್ಣು, ಯಾರದೋ ಮರದ ಕಾಲು ಎಲ್ಲ ಇದ್ದವು. ಹೊಸ್ತಿಲೂ ಇತ್ತು, ಆದರೆ ಇಡೀ ಬಾಗಿಲುವಾಡದ ಜೊತೆ. ಆ ಬಾಗಿಲು ನಮ್ಮ ಸೂರಿಗಿಂತ ಎತ್ತರ. ಬರೀ ಕೆಳಗಿನದು ಸಾಕು ಎಂದಾಗ ಅಂಗಡಿಯವನು ಪಕ್ಕದ ಅಂಗಡಿಯವರನ್ನೆಲ್ಲ ಕರೆದು ನಮ್ಮನ್ನು ತೋರಿಸಿದ. ಮೀನುದೋಣಿಗಳು ತಂಗುವ ಭಾವುಚಾ ಧಕ್ಕಾದಲ್ಲಿ ಹಳೆಯ ದೋಣಿಯ ಹಲಗೆ ಸಿಕ್ಕಿತು, ಒಣಮೀನಿನ ವಾಸನೆಗೆ ಅದನ್ನು ಅಲ್ಲೇ ಬಿಟ್ಟು ಬಂದೆವು.

ಆ ಧಕ್ಕೆಯಲ್ಲೇ ಒಬ್ಬ ಹಮಾಲ ದಾರೂಖಾನಾಕ್ಕೆ ಹೋಗಿ ಎಂದಿದ್ದ. ದೀಪಾವಳಿಗೆ ಮುಂಚಿನ ಭಾನುವಾರ ರೇ ರೋಡ್ ಸ್ಟೇಷನ್ನಿನಲ್ಲಿ ಇಳಿದೆವು. ದಾರೂಖಾನಾ ಎಂದರೆ ಅಲ್ಲೇ ಹತ್ತಿರ, ಮುದಿ ಹಡಗುಗಳನ್ನು ಒಡೆಯುವ ಜಾಗ. ಬಂದರದ ಬೀದಿಯ ತುಂಬ ಹಡಗಿನ ಸಂಸಾರ ಹರಡಿಕೊಂಡಿತ್ತು. ಕಪ್ತಾನನ ಕುರ್ಚಿಯಲ್ಲಿ ಕೂತು ಒಬ್ಬ ಕ್ಷೌರ ಮಾಡಿಸಿಕೊಳ್ಳುತ್ತಿದ್ದ. ಜೀವ ಉಳಿಸುವ ದೋಣಿಯಲ್ಲಿ ಆಡು ಮರಿ ಹಾಕಿತ್ತು. ಚಹಾದಂಗಡಿಯ ಗಿರಾಕಿಗಳು ನಾವಿಕರ ಮಂಚದ ಮೇಲೆ ಸಾಲಾಗಿ ಕೂತಿದ್ದರು. ಹೆಂಡತಿ ಎಲ್ಲವನ್ನೂ ಹಬ್ಬದ ಸಂತೆಯಂತೆ ನೋಡುತ್ತಾ ನಡೆದವಳು ಒಂದು ಕಡೆ ನಿಂತುಬಿಟ್ಟಳು.

ಗೋಡೆಗೆ ಒರಗಿಸಿದ ದಪ್ಪ ತೇಗದ ಪಟ್ಟಿ, ಮೇಲೆ ಹಿತ್ತಾಳೆಯ ತಗಡು. ನಡುಭಾಗ ಕಾಲು ತಾಗಿ ತಾಗಿ ಸವೆದು ಕುಳಿಯಾಗಿತ್ತು. ಹಡಗಿನ ಕೋಣೆಗಳಿಗೆ ನೀರು ನುಗ್ಗದಂತೆ ಬಾಗಿಲಿನ ಕೆಳಗೆ ಇದನ್ನು ಕೂಡಿಸುತ್ತಾರೆ ಎಂದ ಅಂಗಡಿಯ ಮುದುಕ. ನಾನು ಅವಳ ಕಿವಿಯಲ್ಲಿ, ಯಾವ ದೇಶದ ಬೂಟು ತುಳಿದದ್ದೋ, ಪೂಜೆಗೆ ಆದೀತೇ ಎಂದೆ.

“ಇಷ್ಟ ವರ್ಷ ಸಮುದ್ರದಾಗ ತೊಳದದ್ದರಿ. ಇದಕ್ಕಿಂತ ಮಡಿ ನಮ್ಮವ್ವನ ಮನ್ಯಾಗೂ ಇಲ್ಲ.”

ಇದನ್ನು ಏನು ಮಾಡುತ್ತೀರಿ ಎಂದು ಮುದುಕ ನಗುತ್ತಾ ಕೇಳಿದ. ಅವಳು ಬಗ್ಗಿ, ಬೆರಳಿನಿಂದ ಅರಿಶಿನ ಹಚ್ಚುವ ಹಾಗೆ ಮಾಡಿ ಕೈಮುಗಿದು ತೋರಿಸಿದಳು. ಅವನ ನಗು ನಿಂತಿತು. ಹೆಗಲ ಮೇಲಿನ ಬಟ್ಟೆ ತೆಗೆದು ಪಟ್ಟಿಯನ್ನು ತುದಿಯಿಂದ ತುದಿಗೆ ತಾನೇ ಒರೆಸಿ ಕೊಟ್ಟ.

ಲೋಕಲ್‌ನಲ್ಲಿ ಜನ ಅದರ ಮೇಲೆ ಕೂರಲು ಬಂದರು. ಹೊಸ್ತಿಲ ಮೇಲೆ ಕೂರಬಾರದಲ್ಲ. ಅವಳು ಅದನ್ನು ನೆಟ್ಟಗೆ ನಿಲ್ಲಿಸಿ ಅಂಧೇರಿಯವರೆಗೂ ತಬ್ಬಿಕೊಂಡು ನಿಂತಳು.

ಗೌಂಡಿ ಅದನ್ನು ಸಿಮೆಂಟಿನಲ್ಲಿ ಕೂಡಿಸಿದ ಮೇಲೆ ಚಾಳಿನಲ್ಲಿ ಎಡವದವರಿರಲಿಲ್ಲ. ಎದುರು ಖೋಲಿಯ ರತ್ನಾಗಿರಿಯ ಹೆಂಗಸು, ಚಾಳಿಗೆಲ್ಲ ವಹಿನಿ, ಅಂದರೆ ಅತ್ತಿಗೆ, ಎರಡು ಸಲ ಎಡವಿ ನಮ್ಮ ಖೋಲಿಗೆ ಜಹಾಜ್ ಎಂದು ಹೆಸರಿಟ್ಟರು. ಹಡಗು ಹತ್ತುವವರು ಕಾಲು ಎತ್ತಬೇಕು ಎಂದು ಹೆಂಡತಿ ತಾನು ಕಲಿತ ಹರಕು ಮರಾಠಿಯಲ್ಲಿ ತಿರುಗಿ ಹೇಳಿದಳು. ಮುಂದಿನ ಮಳೆಗಾಲದಲ್ಲಿ ಗಟಾರ ಉಕ್ಕಿ ಎಲ್ಲ ಖೋಲಿಗಳಿಗೂ ನೀರು ನುಗ್ಗಿತು. ನಮ್ಮಲ್ಲಿ ಮಾತ್ರ ಹೊಸ್ತಿಲಿನಾಚೆಯೇ ನಿಂತಿತು. ಅಂದು ವಹಿನಿಯ ಹಾಸಿಗೆ, ಅಕ್ಕಿ ಡಬ್ಬಿ, ನಿದ್ದೆ ಹತ್ತಿದ ಮಕ್ಕಳು ಎಲ್ಲ ಜಹಾಜಿನೊಳಗೆ. ಎಡವುವುದು ಆಮೇಲೂ ನಡೆದೇ ಇತ್ತು, ಬೈಯುವುದು ನಿಂತಿತು.

ಹತ್ತು ವರ್ಷದ ಹತ್ತಿರ ಅವಳು ಒಂದು ಬೆಳಿಗ್ಗೆಯೂ ತಪ್ಪಿಸಲಿಲ್ಲ, ಜ್ವರವಿದ್ದಾಗಲೂ. ಕೊನೆಯ ಬೇಸಿಗೆಯಲ್ಲಿ ಬಂದ ಜ್ವರ ಬಿಡಲಿಲ್ಲ. ಅದೇ ಹೊಸ್ತಿಲು ದಾಟಿಸಿ ಅವಳನ್ನು ಸ್ಮಶಾನಕ್ಕೆ ಹೊತ್ತೊಯ್ದೆವು. ನಮಗೆ ಮಕ್ಕಳಿಲ್ಲ.

ಕರ್ಮಕ್ಕೆ ಬಂದಿದ್ದ ಅವಳ ತಮ್ಮ ಸೂತಕ ಕಳೆದ ಸಂಜೆ ನನ್ನ ಬಟ್ಟೆಗಳನ್ನೂ ತನ್ನ ಚೀಲದ ಪಕ್ಕ ಮಡಚಿಟ್ಟ.

“ಇನ್ನ ಇಲ್ಲಿ ಯಾರದಾರ ಭಾವಾರ? ಹೆಣ್ಣಮಗಳಿಲ್ಲದ ಖೋಲಿ. ಬಿಟ್ಟು ನಡೀರಿ ಧಾರವಾಡಕ್ಕ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

ಬೆಳಿಗ್ಗೆ ಸ್ನಾನ ಮಾಡಿ ಬಟ್ಟಲು ತೆಗೆದೆ. ಅರಿಶಿನದಲ್ಲಿ ಅವಳ ಬೆರಳಿನ ಗುಳಿ ಹಾಗೆಯೇ ಇತ್ತು. ಹಿತ್ತಾಳೆ ತೊಳೆದು, ಅವಳು ಹಚ್ಚುತ್ತಿದ್ದಂತೆ ಎರಡೂ ತುದಿಗೆ ಹಚ್ಚಿದೆ. ಅದರ ಮುಂದೆ ರಂಗೋಲಿಯ ಗೆರೆ ಎಳೆದೆ. ಗಂಡಸರು ಮಾಡುವ ಕೆಲಸವಲ್ಲ ಇದು. ಬೇಕಾದರೆ ತಾವೇ ದಿನವೂ ಬಂದು ಮಾಡುವುದಾಗಿ ವಹಿನಿ ಹಿಂದಿನ ದಿನವೇ ಹೇಳಿದ್ದರು. ಈಗ ಅವರು ಎದುರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕೊನೆಗೆ ಗೆರೆ ಸೊಟ್ಟಗಾಯಿತು ಎಂದರು.

“ಜಹಾಜ್ ಆಹೇ ವಹಿನಿ,” ಎಂದೆ. “ಹಲಣಾರಚ.”

ಹಡಗಲ್ಲವೇ, ಅಲುಗಾಡದೆ ಇದ್ದೀತೇ. ವಹಿನಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು.

ನನ್ನ ಬಟ್ಟೆಗಳನ್ನು ಮತ್ತೆ ಗೂಟಕ್ಕೆ ಹಾಕಿದೆ. ಅವಳ ತಮ್ಮ ತನ್ನ ಚೀಲವೊಂದನ್ನೇ ಎತ್ತಿಕೊಂಡ. ಬಾಗಿಲ ಹತ್ತಿರ ಹಸಿ ಅರಿಶಿನ ಕಂಡು ನಿಂತ. ಆಮೇಲೆ ಕಾಲು ಎತ್ತಿ ದಾಟಿದ.