ಕತ್ತರಿ ಟೀಚರ್ ಮೇಲಿನ ವಿಚಾರಣೆ

ಆ ಅಧಿಕಾರಿಯನ್ನು ನೆನೆದರೆ ಈಗಲೂ ನನ್ನ ಪಿತ್ತ ನೆತ್ತಿಗೇರುತ್ತದೆ. ನಾನು ಗಣಿತದವಳು, ಲೆಕ್ಕ ತಪ್ಪಿದರೆ ಸುಮ್ಮನಿರುವವಳಲ್ಲ. ವಿಚಾರಣೆ ನಡೆದದ್ದು ಭಾಷೆ ಕಲಿಸುವ ನಮ್ಮ ಅಕ್ಕನ ಮೇಲೆ. ಒಡಹುಟ್ಟಿದವಳಲ್ಲ, ಇಪ್ಪತ್ತು ವರ್ಷ ಒಂದೇ ಸ್ಟಾಫ್‌ರೂಮಿನಲ್ಲಿ ಕೂತು ಅಕ್ಕನಾದವಳು.

ಮಕ್ಕಳ ಬಾಯಲ್ಲಿ ಅವಳು ಕತ್ತರಿ ಟೀಚರ್. ಹನ್ನೆರಡನೇ ತರಗತಿಗೆ ಬಂದರೂ ಅವರ ಬರವಣಿಗೆಗೆ ತಲೆಬುಡ ಇರುತ್ತಿರಲಿಲ್ಲ. ಗೈಡಿನ ಪೀಠಿಕೆಯನ್ನು ಉರು ಹೊಡೆದು, ನೀರಿನ ಪ್ರಬಂಧಕ್ಕೂ ಅದೇ, ಶಿಸ್ತಿನ ಪ್ರಬಂಧಕ್ಕೂ ಅದೇ ಅಂಟಿಸುತ್ತಿದ್ದರು. ಅಕ್ಕ ಅವರ ಕೈಗೆ ಕತ್ತರಿ ಕೊಟ್ಟು, ಬರೆದದ್ದನ್ನು ಸಾಲುಸಾಲಾಗಿ ಕತ್ತರಿಸಿ ನೆಲದ ಮೇಲೆ ಹರಡಿಸುತ್ತಿದ್ದಳು.

"ಓದೋನು ಒಂದೇ ಸಾಲು ಓದಿ ಎದ್ದು ಹೋಗ್ತಾನೆ ಅಂದ್ಕೊಳ್ಳಿ. ಯಾವುದನ್ನ ಓದಿಸ್ತೀರಿ? ಅದು ಮೇಲಿರಲಿ. ಯಾಕೆ, ಯಾವಾಗಿಂದ, ಏನಾಗಬೇಕು ಅನ್ನೋದು ಆಮೇಲೆ."

ಮಂಡಿಯೂರಿ ಚೀಟಿ ಸರಿಸುತ್ತಾ ಸರಿಸುತ್ತಾ ಅವರಿಗೆ ಅದು ಕೈವಶವಾಯಿತು. ಹುಡುಗಿಯರೇ ಸೇರಿ, ಒಬ್ಬಳ ಕೈಯಲ್ಲಿ ಬರೆಸಿ, ಎಲ್ಲರೂ ಸಹಿ ಹಾಕಿ ಶಿಕ್ಷಣ ಇಲಾಖೆಗೆ ಒಂದು ಪತ್ರ ಕಳಿಸಿದರು: "ನಮ್ಮ ಶೌಚಾಲಯದ ಬಾಗಿಲಿಗೆ ಎರಡು ವರ್ಷದಿಂದ ಚಿಲಕವಿಲ್ಲ." ಅದರ ಕೆಳಗೆ ಹತ್ತು ಸಾಲು, ಒಂದೂ ಹೆಚ್ಚಿಲ್ಲ.

ಚಿಲಕ ಬರಲಿಲ್ಲ, ಅಧಿಕಾರಿ ಬಂದ. ಪ್ರಾಂಶುಪಾಲರ ಕುರ್ಚಿಯಲ್ಲಿ ಕೂತು ಪತ್ರ ಅಲ್ಲಾಡಿಸಿದ.

"ಇಷ್ಟು ಅಚ್ಚುಕಟ್ಟಾಗಿ ಮಕ್ಕಳು ಬರೀತಾರಾ? ನೀವೇ ಬರೆದು ಅವರ ಸಹಿ ಹಾಕಿಸಿದ್ದೀರಿ."

ನನಗೆ ಮೈಯೆಲ್ಲ ಉರಿದುಹೋಯಿತು. ಮಕ್ಕಳು ಕೆಟ್ಟದಾಗಿ ಬರೆದರೂ ಟೀಚರ್ ತಪ್ಪು, ಚೆನ್ನಾಗಿ ಬರೆದರೂ ಟೀಚರ್ ತಪ್ಪು, ಇದ್ಯಾವ ಸೀಮೆ ಲೆಕ್ಕ? ಬಾಯಿ ತೆರೆದೆ. ಅಕ್ಕ ನನ್ನ ಕೈ ಒತ್ತಿದಳು.

"ಬರೆದವಳು ತರಗತೀಲೇ ಇದ್ದಾಳೆ, ಸಾರ್. ನಿಮ್ಮ ಮುಂದೇನೇ ಬರೀಲಿ."

ಕೊನೆ ಬೆಂಚಿನ ಉದ್ದ ಹುಡುಗಿ ಬಂದಳು. ಶಾಲೆ ಮುಂದಿನ ರಸ್ತೆಯ ಬಗ್ಗೆ ಒಂದು ದೂರು ಬರೆ ಎಂದ. ಕಾಲು ಗಂಟೆಯಲ್ಲಿ ಬರೆದುಕೊಟ್ಟಳು. ಅವನು ಎರಡು ಸಲ ಓದಿದ.

"ಇವಳದೇ. ಅನುಮಾನ ಇಲ್ಲ," ಎಂದು ಕಡತದಲ್ಲಿ ಗೀಚಿ, ಪ್ರಕರಣ ಮುಗಿಯಿತು ಅಂತ ಹೊರಟೇಹೋದ. ಶೌಚಾಲಯದ ಬಾಗಿಲ ಕಡೆ ತಲೆ ಹಾಕಲಿಲ್ಲ.

ಅಕ್ಕನ ಮಾನ ಉಳಿಯಿತೆಂದು ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ಚಹಾ ಬಂತು. ಕೆಟ್ಟ ಸೆಖೆ. ಹುಡುಗಿ ಬಾಗಿಲಲ್ಲಿ ಬೆವರುತ್ತಾ ನಿಂತಿದ್ದಳು. ಅಕ್ಕ ಒಂದು ಲೋಟ ನೀರು ಕೊಡಹೋದಳು.

"ಬೇಡ ಮಿಸ್," ಎಂದಳು ಹುಡುಗಿ. "ಇನ್ನೂ ಮೂರು ಪೀರಿಯಡ್ ಇದೆ. ಕುಡಿದ್ರೆ ಆಮೇಲೆ ಎಲ್ಲಿಗೆ ಹೋಗ್ಲಿ?"