ಗೋಡೆಯಾಚೆಯ ರೊಟ್ಟಿ ಸಪ್ಪಳ

ಕಲಘಟಗಿಗೆ ಬಂದ ಮೊದಲ ಮುಂಜಾನೆ ನನಗೆ ಎಚ್ಚರವಾದದ್ದು ಯಾವ ಸಪ್ಪಳಕ್ಕೂ ಅಲ್ಲ, ಸಪ್ಪಳ ಇಲ್ಲದ್ದಕ್ಕೆ. ಕೋಳಿ ಕೂಗಿತ್ತು. ಹಿತ್ತಲಲ್ಲಿ ಯಾರೋ ನೀರು ಸೇದುತ್ತಿದ್ದರು. ಓಣಿಯ ಆ ತುದಿಯಲ್ಲಿ ಎತ್ತಿನ ಗಂಟೆ ಕೇಳಿತು. ಆದರೆ ಒಂದು ಮನೆಯಿಂದಲೂ ರೊಟ್ಟಿ ಬಡಿಯುವ ಸಪ್ಪಳ ಬರಲಿಲ್ಲ. ನಮ್ಮ ಯರಗುಪ್ಪಿಯಲ್ಲಿ ಓಣಿಗೆ ಓಣಿಯೇ ಹೀಗೆ ಸುಮ್ಮನಿದ್ದರೆ ಅದರ ಅರ್ಥ ಒಂದೇ. ಯಾರೋ ತೀರಿಕೊಂಡಿದ್ದಾರೆ, ಹೆಣ ಎತ್ತುವ ತನಕ ಯಾರೂ ಒಲೆ ಹೊತ್ತಿಸುವುದಿಲ್ಲ.

ಸೆರಗು ಹೊದ್ದು ಹೊರಗೆ ಬಂದೆ. ಬಾಜು ಮನೆಯ ಕಟ್ಟೆಯ ಮೇಲೆ ಒಬ್ಬ ಹೆಣ್ಣುಮಗಳು ಅಕ್ಕಿ ಆರಿಸುತ್ತ ಕೂತಿದ್ದಳು. ದನಿ ತಗ್ಗಿಸಿ ಕೇಳಿದೆ, "ಓಣ್ಯಾಗ ಯಾರರೆ ತೀರಕೊಂಡಾರೇನವ್ವಾ?"

"ಯಾಕ್ರಿ?"

"ಒಂದ ಮನ್ಯಾಗೂ ರೊಟ್ಟಿ ಬಡಿಯಾಕತ್ತಿಲ್ಲ."

ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. "ಯಾರೂ ಸತ್ತಿಲ್ರೀ ಅಕ್ಕಾರ. ಇದು ಅನ್ನದ ಊರು. ಮುಂಜಾನೆ ಗಂಜಿ ಕುಡೀತೀವಿ, ಇಲ್ಲಾ ರಾತ್ರಿ ಅನ್ನಕ್ಕ ಒಗ್ಗರಣಿ ಹಾಕ್ತೀವಿ. ರೊಟ್ಟಿ ತಿಂದ್ರೂ ಹೊತ್ತ ಮುಳುಗಿದ ಮ್ಯಾಲೆ. ಬರ್ರಿ, ಚಾ ಕುಡೀರಿ. ಹೋಗಲಿ ಬಿಡ್ರಿ, ಬಂದ ದಿನಾನ ಒಂದ ಹೆಣಾ ಎತ್ತಿದ್ರಿ."

ಅವಳೇ ಗಂಗವ್ವ. ಆ ಚಹಾದಿಂದ ನನಗೆ ಈ ಊರಿನಲ್ಲಿ ಒಂದು ಮನೆ ಸಿಕ್ಕಿತು. ದೇವರು ಕೊಟ್ಟ ಸಣ್ಣ ಸಣ್ಣ ಉಪಕಾರಗಳನ್ನು ನೆನೆಯುವ ರೂಢಿ ನನ್ನದು. ಇಲ್ಲಿಯ ಮೊದಲನೆಯದು ಅವಳ ಚಹಾ.

ಯರಗುಪ್ಪಿಯಿಂದ ಇಲ್ಲಿಗೆ ಬಹಳ ದೂರವೇನಲ್ಲ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದರೆ ಅರ್ಧ ದಿನ ಸಾಕು. ಜಿಲ್ಲೆ ಒಂದೇ, ಮಾತು ಒಂದೇ. ಹಾಗಿದ್ದೂ ನಾನು ಪರದೇಶಕ್ಕೆ ಬಂದವಳಂತೆ ಯಾಕೆ ಬರೆಯುತ್ತಿದ್ದೇನೆ ಅಂತ ಇದನ್ನು ಓದುವ ನಮ್ಮೂರಿನ ನೀವು ಕೇಳಬಹುದು. ಹೊಸ ಮನೆಯಲ್ಲಿ ನಾಲ್ಕು ದಿನ ಸಾರಿಸಿ ಗುಡಿಸಿ ನೋಡಿ, ಆಗ ಗೊತ್ತಾಗುತ್ತದೆ. ನಮ್ಮ ಕಪ್ಪು ಎರೆ ಮಣ್ಣು ಕಾಲಿಗೆ ಅಂಟಿದರೆ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಇಲ್ಲಿಯ ಕೆಂಪು ಮಣ್ಣು ಅಂಟುವುದಿಲ್ಲ, ಆದರೆ ಸೀರೆಯ ಅಂಚಿಗೆ ಹತ್ತಿದ ಬಣ್ಣ ಎಷ್ಟು ಒಗೆದರೂ ಬಿಡುವುದಿಲ್ಲ. ಅಲ್ಲಿ ಹತ್ತಿ ಕಟ್ಟಿಗೆಗೂ ಸೆಗಣಿಯ ಕುಳ್ಳಿಗೂ ಲೆಕ್ಕ. ಇಲ್ಲಿ ಅಡವಿ ಬಾಜುವಿನಲ್ಲೇ ಇರುವುದರಿಂದ ಒಣಗಿದ ಕಟ್ಟಿಗೆ ಹೊರೆಗಟ್ಟಲೆ ಬರುತ್ತದೆ. ಅಲ್ಲಿ ಮಾಳಿಗೆಯ ಮೇಲೆ ಮಲಗಿದರೆ ಚುಕ್ಕಿ ಎಲ್ಲಿ ಮುಗಿದವು, ಹೊಲ ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಇಲ್ಲಿ ಹಂಚಿನ ಮಾಡು, ಹತ್ತಿ ಮಲಗಲು ಬರುವುದಿಲ್ಲ. ಎತ್ತ ನೋಡಿದರೂ ಗಿಡವೋ ಗುಡ್ಡವೋ ಅಡ್ಡ ನಿಂತಿರುತ್ತದೆ. ಮೊದಮೊದಲು ನನಗೆ ಯಾರೋ ಕಣ್ಣಿಗೆ ಕೈ ಅಡ್ಡ ಹಿಡಿದಂತೆ ಆಗುತ್ತಿತ್ತು. ನೀರು ಮಾತ್ರ ಸಿಹಿ. ತೊಗರಿಬೇಳೆ ಒಲೆಯ ಮೇಲಿಟ್ಟು ತಿರುಗಿ ನೋಡುವಷ್ಟರಲ್ಲಿ ಕರಗಿರುತ್ತದೆ. ನಮ್ಮ ಸವುಳು ನೀರಿನಲ್ಲಿ ಬೇಳೆಯ ಮುಂದೆ ಕೂತು ಹಾಡು ಹೇಳಿ ಮುಗಿಸಿದವಳಿಗೆ ಇದೇನು ಕಡಿಮೆಯದಲ್ಲ.

ಬಂದದ್ದು ಯಾಕೆ ಅನ್ನುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ನಮ್ಮ ಮನೆಯವರು ಕುಂದಗೋಳದ ಕಡೆಗೆ ಒಂದು ಜಿನ್ನಿನಲ್ಲಿ, ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಯಲ್ಲಿ, ಯಂತ್ರ ನೋಡಿಕೊಳ್ಳುವ ಫಿಟರ್ ಇದ್ದರು. ಪಟ್ಟಾ ಜಾರಿದರೆ, ರೋಲರ್ ಸವೆದರೆ ಅವರೇ ಬೇಕು. ಆ ಗದ್ದಲದಲ್ಲಿ ದುಡಿದು ದುಡಿದು ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದರು. ಮುಂಜಾನೆ ನಮ್ಮ ಮನೆಯಿಂದ ಓಣಿಗೆ ಕೇಳುತ್ತಿದ್ದದ್ದು ನನ್ನ ರೊಟ್ಟಿ ಮತ್ತು ಅವರ ಕೆಮ್ಮು. ಅರಳೆಯ ಧೂಳು ನುಂಗುವವರಿಗೆ ಅದು ಇದ್ದದ್ದೇ ಅಂತ ನಾವು ಅದರ ಬಗ್ಗೆ ಮಾತು ಸಹ ಆಡುತ್ತಿರಲಿಲ್ಲ.

ಒಂದು ವರ್ಷ ಹತ್ತಿ ಬರುವ ಹಂಗಾಮಿಗೆ ಮಾಲೀಕರು ಜಿನ್ನಿನ ಬಾಗಿಲು ತೆಗೆಯಲಿಲ್ಲ. ಇವರು ದಿನಾ ಹೋಗಿ ಬೀಗ ಹಾಕಿದ ಗೇಟಿನ ಮುಂದೆ ಕೂತು ಬರುತ್ತಿದ್ದರು, ಹೆಗಲ ಮೇಲೆ ಎಣ್ಣೆಯ ಅರಿವೆ ಹಾಕಿಕೊಂಡು. ನಾನು ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಾಗ ಒಂದೇ ಮಾತು ಬೇಡುತ್ತಿದ್ದೆ, "ಶಿವನೇ, ಆ ಬಾಗಿಲು ತೆಗಿ." ಬಾಗಿಲು ತೆಗೆಯಲಿಲ್ಲ. ಮಗಳ ಮದುವೆ ಮಾಡಿ ಅಣ್ಣಿಗೇರಿಗೆ ಕಳಿಸಿದ್ದು ಆಗಿತ್ತು, ಮನೆಯಲ್ಲಿ ನಾವಿಬ್ಬರೇ. ಕಲಘಟಗಿಯ ಒಂದು ಪ್ರಸಾದ ನಿಲಯದಲ್ಲಿ ನೀರಿನ ಪಂಪು ನೋಡಿಕೊಳ್ಳುವವರು ಬೇಕಾಗಿದ್ದಾರೆ ಅಂತ ಇವರ ಅಣ್ಣ ಸುದ್ದಿ ತಂದರು. ಪ್ರಸಾದ ನಿಲಯ ಅಂದರೆ ಭಕ್ತರ ದಾನದಲ್ಲಿ ದೂರದ ಹಳ್ಳಿಯ ಹುಡುಗರು ಇದ್ದು, ಉಂಡು, ಸಾಲೆ ಕಲಿಯುವ ಜಾಗ. ಗಂಟು ಕಟ್ಟಿದೆವು. ನಾನು ರೊಟ್ಟಿಯ ಹಂಚನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಸ್ಸಿನಲ್ಲಿ ಕೂತೆ.

ನಿಲಯ ನೋಡಿಕೊಳ್ಳುವ ಮಾಸ್ತರರು ಒಳ್ಳೆಯವರು. ಆದರೆ ಮೊದಲ ಮಾತೇ ಕಾಲ ಕೆಳಗಿನ ನೆಲ ಜಾರಿಸಿತು.

"ಪಂಪಿಗೆ ಮೊನ್ನೆನ ಬ್ಯಾರೆದಾಂವ ಬಂದಾನ್ರಿ, ಊರಾಂವನ. ನಿಮಗ ಹೇಳಿ ಕಳಸೂದು ಆಗಲಿಲ್ಲ." ಮತ್ತೆ, "ಅಡಿಗಿಯವ್ರು ಬಿಟ್ಟ ಹೋಗ್ಯಾರ. ನಿಮಗ ಅಡಿಗಿ ಬರ್ತದೇನ್ರಿ?" ಅಂದರು.

ನಮ್ಮ ಮನೆಯವರಿಗೆ ಉಪ್ಪಿನ ಗಡಿಗೆ ಯಾವ ಮೂಲೆಯಲ್ಲಿದೆ ಅನ್ನುವುದೂ ಗೊತ್ತಿರಲಿಲ್ಲ. ಬಾಗಿಲ ಮರೆಯಿಂದ ನಾನೇ ಅಂದೆ, "ನಾ ಮಾಡ್ತೇನ್ರಿ."

"ಇಲ್ಲವ್ವಾ, ಇದು ಗಂಡಹುಡುಗರ ನಿಲಯ. ಒಳಗ ಹೆಣ್ಣಮಕ್ಕಳನ್ನ ಕೆಲಸಕ್ಕ ಇಟ್ಕೊಳ್ಳೂ ಪದ್ಧತಿ ಇಲ್ಲ." ಮಾಸ್ತರರ ಕಣ್ಣು ನನ್ನ ಕೈಯ ಹಂಚಿನ ಮೇಲೆ ಬಿತ್ತು. "ಹುಡುಗ್ರೊಳಗ ಅರ್ಧಕ್ಕರ್ಧ ನಿಮ್ಮ ಎರಿ ಕಡೆಯವ್ರು. ಅಲ್ಲಿಯ ಭಕ್ತರು ಜ್ವಾಳ ಕಳಸ್ತಾರ, ಚೀಲ ಹಂಗ ಬಿದ್ದಾವ. ಹಿಂದಿನವ್ರಿಗೆ ಅನ್ನ ಸಾರು ಬಿಟ್ರ ಮತ್ತೇನೂ ಬರ್ತಿದ್ದಿಲ್ಲ. ಅಮಾಸಿಗೆ ನಿಲಯ ನಡಸೂ ನಮ್ಮ ಹಿರ್ಯಾರು ಬರ್ತಾರ. ಅವತ್ತ ಪಂಕ್ತ್ಯಾಗ ರೊಟ್ಟಿ ಬಿದ್ರ ನೀವ ಕಾಯಂ. ಇಲ್ಲಂದ್ರ ನಾ ಬ್ಯಾರೆದವರನ್ನ ನೋಡಬೇಕಾಗ್ತದ."

ಇವರು ಹೆಗಲ ಮೇಲಿನ ಎಣ್ಣೆಯ ಅರಿವೆ ತೆಗೆದು ಮಡಚಿದರು. ಆಮೇಲೆ ಅಂದರು, "ಕಲೀತೇನ್ರಿ."

ಲಗ್ನವಾದಾಗಿನಿಂದ ಇವರ ಬಾಯಲ್ಲಿ ನಾನು ಆ ಮಾತು ಕೇಳಿದ್ದಿಲ್ಲ.

ನಮಗೆ ಕೊಟ್ಟ ಕೋಣೆಗೂ ನಿಲಯದ ಅಡಿಗೆಮನೆಗೂ ನಡುವೆ ಒಂದೇ ಗೋಡೆ, ಮೇಲೆ ಮಾಡಿನ ಹಂಚಿಗೆ ತಗಲುವ ಮೊದಲೇ ಮುಗಿದ ಗೋಡೆ. ಆಚೆ ಸೌಟು ಬಿದ್ದರೆ ಈಚೆ ಕೇಳುತ್ತದೆ. ಸಂಜೆ ನಮ್ಮ ಒಲೆಯ ಮುಂದೆ ಪಾಠ, ಮುಂಜಾನೆ ಅಲ್ಲಿ ಅವರ ಪರೀಕ್ಷೆ. ಮೊದಲ ಸಂಜೆ ಅವರು ಹಿಟ್ಟು ಮುಟ್ಟದೆ ಕೂತುಬಿಟ್ಟರು.

"ಫಿಟರ್ ಹೋಗಿ ರೊಟ್ಟಿ ಬಡಿಯಾಂವ ಆದ ಅಂತ ಊರಾಗ ನಗತಾರಬೇ."

"ನಗೂವರು ನಮ್ಮ ಒಲಿ ಹೊತ್ತಸಾಕ ಬರೂದಿಲ್ಲ. ಮತ್ತ ಇದು ಅಡಿಗಿ ಅಲ್ರಿ, ಪ್ರಸಾದ."

"ಪ್ರಸಾದ ಹೊತ್ತಿದ್ರ?"

"ಹೊತ್ತಿದ ಪ್ರಸಾದಾನೂ ಪ್ರಸಾದನ. ಮಾಸ್ತರ ಮಾತ್ರ ಹಂಗ ಅನ್ನೂದಿಲ್ಲ. ಕೈ ತೊಳಕೊಳ್ರಿ."

ಜಿನ್ನಿಗೆ ಬೀಗ ಬಿದ್ದ ಮೇಲೆ ಅವರು ನಕ್ಕದ್ದು ಅವತ್ತೇ.

ಕುದಿಯುವ ನೀರು ಹಾಕಿ ನಾದುವುದು ಬೇಗ ಬಂತು. ಬಡಿಯುವುದು ಬರಲಿಲ್ಲ. "ಎಷ್ಟ ಪೆಟ್ಟು?" ಅಂತ ಕೇಳುತ್ತಿದ್ದರು. "ಆಗೂತನಕ" ಅಂದರೆ ಸಿಟ್ಟು. "ಯಂತ್ರಕ್ಕ ಒಂದ ಹಿಸಾಬ ಇರ್ತದ. ನಿನ್ನ ವಿದ್ಯಾಕ್ಕ ಏನೂ ಇಲ್ಲೇನು?" ನಾನು ಅವರ ಕೈಯ ಮೇಲೆ ಕೈ ಇಟ್ಟು ಹಿಟ್ಟು ತಿರುಗಿಸಿದೆ. ಇಷ್ಟು ವರ್ಷ ಎಣ್ಣೆ, ಕಬ್ಬಿಣ ಹಿಡಿದ ಕೈ ಅದು. ಹಿಟ್ಟಿನ ಮೇಲೆ ಅಷ್ಟು ಹಗುರಾಗಿ ಬೀಳಬಲ್ಲದು ಅಂತ ನನಗೂ ತಿಳಿದಿರಲಿಲ್ಲ.

ಅಮಾವಾಸ್ಯೆ ಹತ್ತಿರ ಬಂದಾಗ ಎಲ್ಲ ಕೆಟ್ಟಿತು. ಆಚೆಯಿಂದ ಸಪ್ಪಳ ಬಡಿದು ಬಡಿದು ನಿಲ್ಲುತ್ತಿತ್ತು, ಮತ್ತೆ ಬಡಿದು ನಿಲ್ಲುತ್ತಿತ್ತು. ರೊಟ್ಟಿ ಒಡೆಯುತ್ತಿದೆ, ಅಂಚು ಕೂಡಿಸುತ್ತಿದ್ದಾರೆ ಅಂತ ತಿಳಿಯಿತು. ಗೋಡೆಯ ಈಚೆಯಿಂದ ಕೂಗಿದೆ.

"ಹಿಟ್ಟು ಯಾವಾಗ ಬೀಸಿಸಿದ್ರಿ?"

"ಸ್ವಾಮವಾರ. ಎರಡ ಚೀಲ ಒಮ್ಮೆಲೆ ಬೀಸಿಸಿ ಒಗದೇನಿ. ದಿನಾ ಯಾಂವ ಹೋಗಬೇಕು ಗಿರಣಿಗೆ?"

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಜೋಳದ ಹಿಟ್ಟು ಹಳೆಯದಾದರೆ ಅಂಟು ಜಿಗಿ ಹೋಗಿ ರೊಟ್ಟಿ ಒಡೆಯುತ್ತದೆ, ಈ ಊರಿನ ತೇವದ ಗಾಳಿಗಂತೂ ಬೇಗ. ನಮ್ಮ ಕಡೆ ಪರಕಾರ ಉಟ್ಟ ಸಣ್ಣ ಹುಡುಗಿಗೂ ಗೊತ್ತಿರುವ ಸಂಗತಿ. ನನಗೆ ಹೇಳಿಕೊಡಬೇಕು ಅಂತಲೇ ಹೊಳೆದಿರಲಿಲ್ಲ. ಅವರಿಗೆ ಜಿನ್ನಿನ ಲೆಕ್ಕ, ಯಂತ್ರ ಒಮ್ಮೆ ಶುರು ಮಾಡಿದರೆ ಇದ್ದದ್ದೆಲ್ಲ ಮುಗಿಸಬೇಕು. ಆ ಹಿಟ್ಟೆಲ್ಲ ಹುಡುಗರಿಗೆ ಅಂಬಲಿಯಾಯಿತು. ದಿನಾ ಅಂಬಲಿ ಕುಡಿದು ಆ ಮಕ್ಕಳು ನನ್ನ ಗಂಡನಿಗೆ ಏನೇನು ಹೆಸರಿಟ್ಟರೋ, ಅವರು ನನಗೆ ಹೇಳಲಿಲ್ಲ.

ಅಮಾವಾಸ್ಯೆಯ ಮುಂಜಾನೆ ಹೊಸ ಹಿಟ್ಟು. ನಾನು ಪೂಜೆಗೆ ಕೂತೆ. ಲಿಂಗ ಅಂಗೈಯಲ್ಲಿ, ಕಿವಿ ಗೋಡೆಗೆ. ಶಿವ ಅದನ್ನು ಮನ್ನಿಸಿರಬೇಕು. ಎರಡು ಪೆಟ್ಟು, ಒಂದು ತಡೆ, ಎರಡು ಪೆಟ್ಟು, ಒಂದು ತಡೆ. ಹೆಣ್ಣುಮಕ್ಕಳ ಬಡಿತ ಅಲ್ಲ ಅದು, ಕುಂಟು ಬಡಿತ. ಆದರೆ ಒಡೆಯಲಿಲ್ಲ, ನಡೆಯಿತು. ಹೊತ್ತೇರಿದ ಮೇಲೆ ಎಲ್ಲ ಸುಮ್ಮನಾಯಿತು. ಪಂಕ್ತಿ ಕೂತಿರಬೇಕು. ಬಂದ ಮೊದಲ ಮುಂಜಾನೆಯಂತೆಯೇ ಒಂದು ಸಪ್ಪಳವೂ ಇಲ್ಲ. ಹಂಚು ಮತ್ತೆ ಗಂಟಿಗೆ ಕಟ್ಟಬೇಕೇನೋ ಅಂದುಕೊಂಡೆ.

ಆಗ ಒಬ್ಬ ಹುಡುಗನ ದನಿ ಗೋಡೆ ದಾಟಿ ಬಂತು. "ಕಾಕಾ, ಇನ್ನೊಂದ ರೊಟ್ಟಿ ಹಾಕ್ರಿ."

ಅದರ ಹಿಂದೆ ಮತ್ತೊಂದು ದನಿ. ಮತ್ತೊಂದು.

ಎಲ್ಲರ ಊಟವಾದ ಮೇಲೆ ಇವರು ಅರಿವೆಯಲ್ಲಿ ಅರ್ಧ ರೊಟ್ಟಿ ಸುತ್ತಿಕೊಂಡು ಬಂದು ನನ್ನ ಮುಂದಿಟ್ಟರು. "ಹಿರ್ಯಾರು ಅಂಚು ದಪ್ಪ ಅಂದ್ರು. ಆದ್ರ ಮೂರ ತಿಂದ್ರು" ಅಂದರು. ನನಗೆ ಅವರು ಬಡಿಸಿದ ಮೊದಲ ಊಟ ಅದು.

ಹೀಗೆ ಬೇರು ಬಿಟ್ಟೆವು. ಗಂಗವ್ವ ನನಗೆ ಕಳಲೆ ಮಾಡುವುದು ಕಲಿಸಿದಳು. ಕಳಲೆ ಅಂದರೆ ಎಳೆಯ ಬಿದಿರು, ನೀರು ಬದಲಿಸುತ್ತ ನೆನೆಹಾಕದಿದ್ದರೆ ಬಾಯಿಗೆ ಕಹಿ. ನಾನು ಅವಳಿಗೆ ಶೇಂಗಾ ಚಟ್ನಿ ಕೊಟ್ಟೆ. ಕೂಗಿ ಮಾತಾಡುತ್ತಿದ್ದವರ ದನಿ ಯಾವಾಗ ತಗ್ಗಿತೋ. ಇಷ್ಟು ವರ್ಷ ಹಾಕಿದ್ದು ಉಂಡು ಎದ್ದು ಹೋಗುತ್ತಿದ್ದವರು ಈಗ ನನ್ನ ರೊಟ್ಟಿ ಬೆಳಕಿಗೆ ಹಿಡಿದು, "ಇವತ್ತ ನಾದೂದು ಕಡಿಮಿ ಆತು ನೋಡು" ಅನ್ನುತ್ತಿದ್ದರು. ಅದಕ್ಕೂ ದೇವರಿಗೆ ಶರಣು ಅಂದೆ, ಹಲ್ಲು ಕಚ್ಚಿ. ಆದರೆ ಪೂಜೆಯಲ್ಲಿ ಆ ಹಳೆಯ ಮಾತು ಬಿಟ್ಟಿರಲಿಲ್ಲ. ಬಾಗಿಲು ತೆಗಿ, ಊರಿಗೆ ಹೋಗೂಣು.

ಎರಡನೆಯ ಚಳಿಗಾಲಕ್ಕೆ ಇವರ ಅಣ್ಣ ಬಂದರು. ತಮ್ಮ ಅಡಿಗೆ ಮಾಡುತ್ತಾನೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಮೊಣಕೈ ತನಕ ಹಿಟ್ಟು ಹತ್ತಿದ ತಮ್ಮನನ್ನು ಬಾಗಿಲಲ್ಲಿ ನಿಂತು ನೋಡಿದರು.

"ಏನೋ ತಮ್ಮಾ ಇದು ಅವತಾರ?"

"ಕೈಕಾಲ ತೊಳದ ಕುಂದರ ಅಣ್ಣಾ. ಬಿಸಿ ಐತಿ."

ಭಾವನವರು ಕೂತು ಉಂಡರು. ಕಡೆಗೆ, "ಅಂಚು ದಪ್ಪ. ನಮ್ಮವ್ವನ ರೊಟ್ಟಿ ಹಿಂಗ ಇರ್ತಿದ್ವು" ಅಂದರು. ತಟ್ಟೆ ತೊಳೆದ ಮೇಲೆ ಬಂದ ಕೆಲಸ ಹೇಳಿದರು. "ಜಿನ್ನು ಹೊಸಾ ಮಾಲಕ ತಗೊಂಡಾನ. ಹಳೇ ಫಿಟರನ್ನ ಕರಕೊಂಡ ಬಾ ಅಂದಾನ."

ಬಾಗಿಲು ತೆಗೆದಿತ್ತು.

ಇವರು ಕೈಯ ಹಿಟ್ಟು ಉಜ್ಜುತ್ತ, "ಇಕಿ ಅಂದಂಗ ಆಗಲಿ" ಅಂದರು. ಹೂಂ ಅನ್ನಲು ನನ್ನ ನಾಲಗೆ ತುದಿಗೆ ಬಂದಿತ್ತು. ಯಾಕೋ, "ಮುಂಜಾನೆ ಹೇಳ್ತೇನ್ರಿ" ಅಂದುಬಿಟ್ಟೆ.

ಮುಂಜಾನೆ ಶಿವನಿಗೆ ಉಪಕಾರ ಹೇಳಲು ಕೂತೆ. ರೂಢಿಯಂತೆ ಕಿವಿ ಗೋಡೆಗೆ ಹೋಯಿತು. ಎರಡು ಪೆಟ್ಟು, ಒಂದು ತಡೆ. ನಡುನಡುವೆ ಇವರು ಏನೋ ಗುನುಗುತ್ತಿದ್ದರು. ಬಂದ ಮೊದಲ ದಿನದಂತೆ ಏನೋ ಒಂದು ಸಪ್ಪಳ ಇಲ್ಲ ಅನ್ನಿಸಿತು. ಬಹಳ ಹೊತ್ತು ಹುಡುಕಿದೆ. ಕೆಮ್ಮು. ಇವರು ಕೆಮ್ಮುತ್ತಿರಲಿಲ್ಲ. ಎತ್ತರದ ಹಂಚಿನ ಮಾಡು, ಹೊಗೆ ಮೇಲೆ ಹೋಗಿಬಿಡುತ್ತದೆ. ಅರಳೆ ಇಲ್ಲ, ಧೂಳು ಇಲ್ಲ. ಅದು ಯಾವಾಗ ನಿಂತಿತು? ದಿನಾ ರೊಟ್ಟಿಯ ಸಪ್ಪಳಕ್ಕೆ ಕಿವಿ ಕೊಟ್ಟವಳಿಗೆ ಇದು ಕೇಳಿಯೇ ಇರಲಿಲ್ಲ. ನಾನು ತೆಗಿ ತೆಗಿ ಅಂತ ಬಡಿದುಕೊಂಡ ಬಾಗಿಲನ್ನು ಆ ಶಿವನೇ ಇಷ್ಟು ದಿನ ಒತ್ತಿ ಹಿಡಿದು ನಿಂತಿದ್ದ. ಲಿಂಗದ ಮೇಲೆ ಕಣ್ಣೀರು ಬಿತ್ತು. ಒರೆಸಲಿಲ್ಲ.

ಹೊರಗೆ ಬಂದು ಭಾವನವರಿಗೆ ಹೇಳಿದೆ, "ನಾವು ಇಲ್ಲೇ ಇರ್ತೀವ್ರಿ."

"ಯಾಕವ್ವಾ, ಊರ ಬ್ಯಾಡಾತೇನು?"

"ಊರ ಬೇಕ್ರಿ. ಇವರ ಎದಿ ಅದಕ್ಕಿಂತ ಮೊದಲ ಬೇಕು. ನಿನ್ನಿಯಿಂದ ಅದೀರಿ, ನಿಮ್ಮ ತಮ್ಮ ಒಮ್ಮೆರೆ ಕೆಮ್ಮಿದ್ದು ಕೇಳಿದ್ರೇನು?"

ಭಾವನವರು ತಮ್ಮನ ಕಡೆ ನೋಡಿದರು. ಇವರು ತಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡು, ತಮಗೂ ಈಗಲೇ ತಿಳಿದವರಂತೆ ನಿಂತಿದ್ದರು. ಅಂಗಿಯ ಮೇಲೆ ಹಿಟ್ಟಿನ ಅಂಗೈ ಮೂಡಿತ್ತು. "ಹಂಗಾರ ಗಿರಣಿಗೆ ಹೋಗಿ ಬರ್ತೇನಿ. ಹಿಟ್ಟ ಮುಗದೈತಿ" ಅಂದು ಚೀಲ ಹೊತ್ತರು.

ಈ ಸಲ ಯುಗಾದಿಗೆ ಯರಗುಪ್ಪಿಗೆ ಬಂದಿದ್ದೆವು. ಯಾರೂ ನಗಲಿಲ್ಲ ಅಂತ ಹೇಳುವುದಿಲ್ಲ. ನಕ್ಕವರು ಇವರ ಕೈಯ ರೊಟ್ಟಿಯನ್ನೂ ತಿಂದರು. ಮರುದಿನ ಬೆಳಗಾಗುವಾಗ ಮಾಳಿಗೆಯ ಮೇಲೆ ನನಗೆ ಎಚ್ಚರವಾಯಿತು. ಓಣಿಯ ಮನೆಮನೆಯಿಂದ ರೊಟ್ಟಿ ಸಪ್ಪಳ, ನಾನು ಕಲಘಟಗಿಯಲ್ಲಿ ಹಂಬಲಿಸಿದ ಸಪ್ಪಳ. ಕಣ್ಣು ಮುಚ್ಚಿ ಕೇಳುತ್ತ ಮಲಗಿದೆ. ಆದರೂ ಅದರೊಳಗೆ ಏನೋ ಒಂದು ಕಡಿಮೆ. ಎರಡು ಪೆಟ್ಟು, ಒಂದು ತಡೆ, ಅದು ಎಲ್ಲೂ ಇರಲಿಲ್ಲ.

ಬಾಜುವಿನಲ್ಲಿ ಇವರೂ ಎಚ್ಚರಿದ್ದರು. ಕೌದಿಯೊಳಗಿಂದ ಮೆಲ್ಲಗೆ ಅಂದರು, "ಆ ಮೂರನೇ ಮನಿಯವ್ರದು ಹಿಟ್ಟು ಹಳೇದೈತಿ."

ನಾನೂ ಕೇಳಿದೆ. ಬಡಿದು ನಿಲ್ಲುತ್ತಿತ್ತು, ಅಂಚು ಕೂಡಿಸುತ್ತಿದ್ದರು. ಹೌದು.

"ಹೋಗಿ ಹೇಳಿ ಬರ್ರಿ" ಅಂದೆ.

ನಕ್ಕರು. ಆಮೇಲೆ, "ಹುಡುಗ್ರು ಇವತ್ತ ಏನ ಉಣ್ತಾರೋ" ಅಂದರು.

ಸೂರ್ಯ ನಮ್ಮ ಎರೆ ಹೊಲದ ಆ ತುದಿಯಲ್ಲಿ, ಯಾವುದೂ ಅಡ್ಡವಿಲ್ಲದೆ ಏಳುತ್ತಿದ್ದ. ಹುಟ್ಟಿದ ಊರಿನ ಮಾಳಿಗೆಯ ಮೇಲೆ ನಾವಿಬ್ಬರೂ, ಇನ್ನೊಂದು ಊರಿನ ಗೋಡೆಗೆ ಕಿವಿ ಹಚ್ಚಿ ಮಲಗಿದ್ದೆವು.