ಚಾನೆಲ್ ಖಾಲಿ ಇದೆಯಾ

ದೆಹಲಿಯ ಸರೋಜಿನಿ ನಗರದ ಕ್ವಾರ್ಟರ್ಸ್‌ನಲ್ಲಿ ನಮ್ಮ ಮೇಲಿನ ಮನೆಯ ಯಜಮಾನರು ಭಾನುವಾರ ಬೆಳಿಗ್ಗೆ ಯಮುನೆಯ ದಡದ ಬಯಲಿನಲ್ಲಿ ಪುಟ್ಟ ವಿಮಾನ ಹಾರಿಸುತ್ತಿದ್ದರು. ಹಳೆಯ ರೇಡಿಯೊ ರಿಮೋಟಿನ ಉದ್ದನೆಯ ಆಂಟೆನಾ ಎಳೆದು, ಅಂಗಿಯ ತುದಿಯಿಂದ ಒರೆಸಿ, ಸ್ವಿಚ್ ಒತ್ತುವ ಮೊದಲು ಅಲ್ಲಿದ್ದವರನ್ನೆಲ್ಲ ಕೇಳುತ್ತಿದ್ದರು: “ಭಯ್ಯಾ, ಚಾನೆಲ್ ಖಾಲಿ ಹೈ?” ಒಂದೇ ಚಾನೆಲ್‌ನಲ್ಲಿ ಇಬ್ಬರು ರಿಮೋಟ್ ಆನ್ ಮಾಡಿದರೆ ಮೇಲಿರುವ ವಿಮಾನ ಯಾರ ಮಾತನ್ನೂ ಕೇಳುವುದಿಲ್ಲ.

ಒಮ್ಮೆ ನಾನು ಕೇಳದೆ ನನ್ನ ರಿಮೋಟ್ ಆನ್ ಮಾಡಿದೆ. ಅವರು ಚಳಿಗಾಲವಿಡೀ ಕೂತು ಕಟ್ಟಿದ್ದ ವಿಮಾನ ಮೂಗು ಕೆಳಗಾಗಿ ಬಿತ್ತು. ಚೂರುಗಳನ್ನೆಲ್ಲ ಆರಿಸಿ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿದರು.

“ಕೇಳಿ ಒತ್ತಬೇಕು ಕಣಯ್ಯಾ,” ಅಂದರು. “ಚಲೋ, ಮತ್ತೆ ಕಟ್ತೀನಿ.”

ಬೇಸಿಗೆಯಿಡೀ ಮೇಲಿನಿಂದ ಉಪ್ಪುಕಾಗದ ಉಜ್ಜುವ ಸದ್ದು ಬರುತ್ತಿತ್ತು. ಅದೇ ವಿಮಾನ ಹೊತ್ತು ಅವರು ಬಯಲಿಗೆ ಮರಳುವಷ್ಟರಲ್ಲಿ, ಎಷ್ಟು ಜನ ಆನ್ ಮಾಡಿದರೂ ಒಂದಕ್ಕೊಂದು ಅಡ್ಡ ಬಾರದ ಹೊಸ ರಿಮೋಟುಗಳನ್ನು ನಾವೆಲ್ಲ ಕೊಂಡಾಗಿತ್ತು. ಅವರು ಮಾತ್ರ ಆಂಟೆನಾ ಎಳೆದು, ಒರೆಸಿ, ಕೇಳಿದರು. ಯಾರೂ ತಿರುಗಿ ನೋಡಲಿಲ್ಲ. ಅವರು ಸ್ವಿಚ್ ಒತ್ತದೆ ನಿಂತೇ ಇದ್ದರು.

ನಾನು ನನ್ನ ವಿಮಾನ ಇಳಿಸಿ, “ಖಾಲಿ ಇದೆ ಸರ್,” ಅಂದೆ.

ಆಮೇಲೆಯೇ ಅವರು ಒತ್ತಿದ್ದು.